ಹೊಳೆಹುಂಡಿ ಚರ್ಚಿನ ಬಾತುಕೋಳಿಗಳು

ಪಶುಪಾಲನಾ ಇಲಾಖೆಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಸ್ವಲ್ಪ ಹೊತ್ತು ಗೌರವದಿಂದ ಕುಳಿತು, ಕೊನೆಗೆ ಕೇಳುವ ಪ್ರಶ್ನೆ ಒಂದೇ. ಒದೆಯುವ ಹಸುವನ್ನು ನೋಡಿದ ಕೂಡಲೇ ಗುರುತಿಸುವುದು ಹೇಗೆ? ನನ್ನ ಉತ್ತರವೂ ಒಂದೇ. "ನಮ್ಮಸ ಬಲು ಸಾಧು ಕಣ್ ಡಾಕ್ಟ್ರೇ, ಕೂಸಿದ್ದಂಗೆ" ಎಂದು ಯಜಮಾನ ಹೇಳಿದರೆ ಅದು ಒದೆಯುತ್ತದೆ. "ವಸಿ ಉಷಾರು" ಎಂದರೆ ಅದೂ ಒದೆಯುತ್ತದೆ. ಯಜಮಾನ ಏನೂ ಹೇಳದೆ ಕಂಬದ ಹಿಂದೆ ನಿಂತಿದ್ದರೆ, ಬೈಕನ್ನು ಸ್ಟಾರ್ಟ್ ಮಾಡಿಯೇ ಇಟ್ಟು ಒಳಗೆ ಹೋಗಿ.

ನಾನು ಡಾಕ್ಟರಲ್ಲ. ಪಶುವೈದ್ಯಕೀಯ ಪರೀಕ್ಷಕನಾಗಿ ಸೇರಿದವನು. ನಂಜನಗೂಡು, ತಿ. ನರಸೀಪುರ ಈ ಎರಡು ತಾಲ್ಲೂಕುಗಳಲ್ಲೇ ನನ್ನ ಸೇವೆಯೆಲ್ಲ ಕಳೆಯಿತು. ಹೆಸರು ಶಿವಮಲ್ಲಪ್ಪ. ಹಳ್ಳಿಗಳಲ್ಲಿ ದನದ ಡಾಕ್ಟ್ರು ಎನ್ನುತ್ತಿದ್ದರು. ನನ್ನ ಹೆಂಡತಿ ಗೌರಮ್ಮ ಮಾತ್ರ ನಾನು ಬಾಗಿಲಿಗೆ ಬಂದ ಕೂಡಲೇ "ಏನೂ ಮುಟ್ಬೇಡಿ" ಎನ್ನುತ್ತಿದ್ದಳು. ಕೇಳಿದವರು ಅದೇ ನನ್ನ ಹೆಸರು ಅಂದುಕೊಳ್ಳಬಹುದಿತ್ತು.

ಆಗ ಜ್ವರ ಬಂದ ಹಸುವಿನ ಸುದ್ದಿ ನಮಗೆ ತಲುಪುವ ಹೊತ್ತಿಗೆ ಹಸು ಒಂದೋ ವಾಸಿಯಾಗಿರುತ್ತಿತ್ತು, ಇಲ್ಲವೇ ತೀರಿಕೊಂಡಿರುತ್ತಿತ್ತು. ಎರಡರಲ್ಲಿ ಯಾವುದಾದರೂ ನಮಗೆ ಊಟ ಹಾಕಿಯೇ ಕಳಿಸುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಫೋನು. ಬೆಳಿಗ್ಗೆ ಇಡ್ಲಿ ಮುಂದಿಟ್ಟುಕೊಂಡಾಗ ವಾಟ್ಸಾಪಿನಲ್ಲಿ ಸಗಣಿಯ ಫೋಟೊ ಬರುತ್ತದೆ. ಕೆಳಗೆ "ಗುಡ್ ಮಾರ್ನಿಂಗ್ ಸಾ" ಎಂದಿರುತ್ತದೆ. ಹೊಸಬರಿಗೆ ಹೇಳುತ್ತೇನೆ: ಮೊದಲು ತಿಂಡಿ ಮುಗಿಸಿ, ಆಮೇಲೆ ಫೋನು ತೆಗೆಯಿರಿ.

ಪ್ರಮಾದಗಳೂ ಆಗುತ್ತವೆ. ಸೋಮನಾಥಪುರದಲ್ಲಿ ಒಂದು ಹಸುವನ್ನು ಕೈ ಹಾಕಿ ನೋಡದೆ, ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಬರೀ ಹೊಟ್ಟೆ ನೋಡಿ ಗಬ್ಬವಾಗಿದೆ ಎಂದುಬಿಟ್ಟೆ. ಯಜಮಾನ ಬೀದಿಗೆಲ್ಲ ಬೆಲ್ಲ ಹಂಚಿ, ನನಗೂ ಒಂದು ಅಚ್ಚು ಕೊಟ್ಟು ಕಳಿಸಿದ. ದಿನ ತುಂಬಿದರೂ ಹಸು ಕರು ಹಾಕಲಿಲ್ಲ. ದೇವಸ್ಥಾನ ನೋಡಲು ಬರುವ ಪ್ರವಾಸಿಗಳು ಎಸೆದ ಬಾಳೆಹಣ್ಣಿನ ಸಿಪ್ಪೆ, ಪುರಿ, ಪೇಪರು ತಿಂದು ತಿಂದು ಅದಕ್ಕೆ ಆ ಮೈ ಬಂದಿತ್ತು. ಆಮೇಲೆ ಬಹಳ ದಿನ ನಾನು ಆ ಊರಿಗೆ ಸುತ್ತು ದಾರಿಯಲ್ಲಿ ಹೋಗುತ್ತಿದ್ದೆ.

ಮೇಲಧಿಕಾರಿಗಳಲ್ಲಿ ನಾನು ಮರೆಯಲಾಗದವರು ಡಾಕ್ಟರ್ ಶ್ರೀಧರಮೂರ್ತಿ. ಬಹಳ ಓದಿಕೊಂಡವರು, ಬಹಳ ಒಳ್ಳೆಯವರು. ಆದರೆ ಸೋಸಲೆಯಲ್ಲಿ ಒಂದು ಎಮ್ಮೆ ಅವರ ಸ್ಟೆತಸ್ಕೋಪಿನ ರಬ್ಬರು ಕೊಳವೆಯನ್ನು ಬಾಯಿಗೆ ಹಾಕಿಕೊಂಡು ನೆಮ್ಮದಿಯಾಗಿ ಅಗಿದುಬಿಟ್ಟಿತ್ತು. ಕಿವಿಗೆ ಸಿಕ್ಕಿಸುವ ತುದಿ ಇನ್ನೂ ಡಾಕ್ಟರ ಕಿವಿಯಲ್ಲೇ ಇತ್ತು. ಅಂದಿನಿಂದ ಅವರು ಪ್ರಾಣಿಗಳನ್ನು ಸಾಧ್ಯವಾದಷ್ಟೂ ಜೀಪಿನ ಕಿಟಕಿಯಿಂದಲೇ ನೋಡುತ್ತಿದ್ದರು. "ಮಲ್ಲಪ್ಪ, ಮೂಗು ಮುಟ್ಟಿ ನೋಡಿ. ಮಲ್ಲಪ್ಪ, ಬಾಲ ಎತ್ತಿ ನೋಡಿ" ಎಂದು ಅಲ್ಲಿಂದಲೇ ಹೇಳುತ್ತಿದ್ದರು. ರೋಗ ಮಾತ್ರ ಸರಿಯಾಗಿಯೇ ಹಿಡಿಯುತ್ತಿದ್ದರು.

ಇಂಥವು ಎಲ್ಲರ ಸೇವೆಯಲ್ಲೂ ಇರುತ್ತವೆ. ಆದರೆ ಹೊಳೆಹುಂಡಿಯಲ್ಲಿ ನಡೆದದ್ದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಹೊಳೆಹುಂಡಿ ನರಸೀಪುರದಿಂದ ಸ್ವಲ್ಪ ದೂರದಲ್ಲಿ, ಹೊಳೆಯ ದಡದಲ್ಲಿರುವ ಸಣ್ಣ ಹಳ್ಳಿ. ಅಲ್ಲಿ ಒಂದು ಬೀದಿಯ ತುಂಬ ಕ್ರೈಸ್ತರು. ಮುತ್ತಜ್ಜನ ಕಾಲದಿಂದ ಅಲ್ಲೇ ಇರುವ ರೈತರು. ಗದ್ದೆ, ಕಬ್ಬು, ಮುದ್ದೆ, ಜಗಳ ಎಲ್ಲವೂ ಪಕ್ಕದ ಬೀದಿಯವರದೇ ಥರ. ಬೀದಿಯ ಕೊನೆಗೆ ಹೆಂಚಿನ ಪುಟ್ಟ ಚರ್ಚು. ಅಲ್ಲಿನ ಪಾದ್ರಿ ಫಾದರ್ ವಲೇರಿಯನ್ ಮಂಗಳೂರಿನ ಕಡೆಯವರು. ಅವರು ರೋಸಿ ಎಂಬ ಹಸುವೊಂದನ್ನು ಸಾಕಿದ್ದರು. ಊರಿನಲ್ಲಿ ಯಾರು ಕರೆದರೂ ಹಾಲು ಕೊಡುತ್ತಿದ್ದ ರೋಸಿ ಫಾದರ್ ಕೂತರೆ ಮಾತ್ರ ಒದೆಯುತ್ತಿದ್ದಳು. ಅವಳಿಗೆ ಪದೇ ಪದೇ ಕೆಚ್ಚಲು ಬಾವು ಬರುತ್ತಿದ್ದರಿಂದ ನನಗೆ ಆ ಚರ್ಚಿನ ಒಡನಾಟ ಬೆಳೆಯಿತು.

ಒಂದು ವರ್ಷ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಸಿನಿಮಾದವರು ಬಂದರು. ಚರ್ಚಿನಲ್ಲಿ ಮದುವೆ ನಡೆಯುತ್ತಿರುವಾಗ ನಾಯಕ ಓಡಿ ಬಂದು ತಡೆಯುವ ದೃಶ್ಯ. ಅವರಿಗೆ ಚರ್ಚಿನ ಜೊತೆಗೆ ಅದರೊಳಗೆ ಕೂರುವ ಜನವೂ ಬೇಕಿತ್ತು. ಇದ್ದ ಜನವನ್ನೇ ಕೂರಿಸಿ, ಒಬ್ಬೊಬ್ಬರಿಗೂ ದಿನಗೂಲಿ ಕೊಡುತ್ತೇವೆಂದರು. ಸಿನಿಮಾದವರ ಭಾಷೆಯಲ್ಲಿ ಅದಕ್ಕೆ ಬಾಟಾ ಎನ್ನುತ್ತಾರಂತೆ. ಮಾಮೂಲಿ ಭಾನುವಾರ ಫಾದರ್ ಎಷ್ಟು ಬೇಡಿಕೊಂಡರೂ ಖಾಲಿ ಬೀಳುತ್ತಿದ್ದ ಮುಂದಿನ ಬೆಂಚುಗಳಿಗೆ ಅಂದು ನೂಕುನುಗ್ಗಲು. ಪಾದ್ರಿಯ ಪಾತ್ರಕ್ಕೆ ಒಬ್ಬ ನಟನನ್ನು ಕರೆತಂದಿದ್ದರು. ನಿಜವಾದ ಪಾದ್ರಿ ಕೊನೇ ಬೆಂಚಿನಲ್ಲಿ ಕೂತು, ಆತ ಎಡಗೈಯಲ್ಲಿ ಶಿಲುಬೆ ಗುರುತು ಹಾಕುತ್ತಿದ್ದಾನೆಂದು ಪಕ್ಕದವರ ಹತ್ತಿರ ಗೊಣಗುತ್ತಿದ್ದರು.

ಮುಂದಿನ ಬೆಂಚಿನ ನಡುವೆ ಆರೋಗ್ಯಮ್ಮ ಕೂತಿದ್ದರು. ವಯಸ್ಸಾದ ಹೆಂಗಸು. ಕೋಳಿ ಸಾಕಿ, ಮೊಟ್ಟೆ ಮಾರಿ ಬದುಕುವವರು, ಯಾರಿಗೂ ಅಂಜದವರು. ನಾಯಕ ಬಾಗಿಲಲ್ಲಿ ನಿಂತು ಈ ಮದುವೆ ನಿಲ್ಲಿಸಿ ಎಂದು ಕೂಗಿದಾಗಲೆಲ್ಲ ಆಕೆ ಎದ್ದು ನಿಂತು, "ಯಾಕಪ್ಪಾ, ಏನಾಯ್ತು?" ಎಂದು ಕೇಳುತ್ತಿದ್ದರು. ಎಲ್ಲ ಸುಳ್ಳು ಎಂದು ನಿರ್ದೇಶಕರು ಎಷ್ಟು ತಿಳಿಸಿ ಹೇಳಿದರೂ, ಅವನ ಮುಖ ನೋಡಿದರೆ ಆಕೆಗೆ ಕೇಳದೆ ಇರಲು ಆಗುತ್ತಿರಲಿಲ್ಲ. ಆಕೆಯನ್ನು ಹಿಂದಕ್ಕೆ ಕೂರಿಸಿದರೆ ಅಲ್ಲಿಂದ ಇನ್ನೂ ಗಟ್ಟಿಯಾಗಿ ಕೇಳಿದರು. ಒಂದು ದಿನಕ್ಕೆ ಮುಗಿಯಬೇಕಿದ್ದ ಕೆಲಸ ಎಳೆದಾಡಿತು. ಪ್ರತಿ ದಿನಕ್ಕೂ ಎಲ್ಲರಿಗೂ ಬಾಟಾ, ಚರ್ಚಿಗೆ ಬಾಡಿಗೆ. ಸಿನಿಮಾದವರು ಹೋಗುವ ಹೊತ್ತಿಗೆ ಹೊಳೆಹುಂಡಿಯ ಕ್ರೈಸ್ತರ ಬೀದಿಯಲ್ಲಿ ಯಾರೂ ಕನಸಿನಲ್ಲೂ ನೆನೆಸದಷ್ಟು ದುಡ್ಡಿತ್ತು. ಆ ಸಿನಿಮಾ ಇವತ್ತಿಗೂ ಬಿಡುಗಡೆಯಾದಂತೆ ಕಾಣೆ.

ಆರೋಗ್ಯಮ್ಮನೇ ಮೊದಲು ತಕರಾರು ತೆಗೆದದ್ದು. ಆ ಭಾನುವಾರ ಆಕೆ ತಮ್ಮ ಪಾಲಿನ ದುಡ್ಡನ್ನು ತಂದು ಫಾದರ್ ಮುಂದಿಟ್ಟು, "ದೇವ್ರ ಮುಂದೆ ಕುಂತಿದ್ಕೆ ಕೂಲಿ ಇಸ್ಕಂಡಂಗಾಯ್ತಲ್ಲ ಸಾಮಿ. ಇದು ನಂಗೆ ದಕ್ಕಕಿಲ್ಲ" ಎಂದರಂತೆ. ಆಕೆ ಹಾಗೆಂದ ಮೇಲೆ ಉಳಿದವರಿಗೂ ಜೇಬು ಭಾರವಾಯಿತು. ಒಬ್ಬೊಬ್ಬರಾಗಿ ತಂದುಕೊಟ್ಟರು. ಆಗಲೇ ಹೊಸ ಅಂಗಿ ತೆಗೆದುಕೊಂಡಿದ್ದ ಚೌರಪ್ಪ ಎಂಬಾತ ಮಾತ್ರ ಅಂಗಿಯ ದುಡ್ಡು ಮುರಿದುಕೊಂಡು ಉಳಿದದ್ದನ್ನು ಕೊಟ್ಟ. ಚೌರಪ್ಪ ಲಗೇಜ್ ಆಟೊ ಓಡಿಸುವವನು, ಚರ್ಚಿನ ಸಮಿತಿಯಲ್ಲಿ ಎಲ್ಲಕ್ಕೂ ಮುಂದಿರುವವನು. ಆ ದುಡ್ಡಿನಲ್ಲಿ ಹೊಸ ಮೈಕ್ ಸೆಟ್ ತರಬೇಕೆಂದು ಅವನ ಹಟ. ಫಾದರ್‌ಗೆ ಸೂರಿನ ಹೆಂಚು ಬದಲಿಸುವ ಆಸೆ. ಹೆಂಗಸರಿಗೆ ದೊಡ್ಡ ಪಾತ್ರೆಗಳು ಬೇಕಿದ್ದವು. ರೋಸಿಯನ್ನು ನೋಡಲು ಹೋಗಿದ್ದ ನನ್ನನ್ನೂ ಕೇಳಿದರು. ಹಸುವಿಗೊಂದು ಒಳ್ಳೆಯ ಕೊಟ್ಟಿಗೆ ಕಟ್ಟಿಸಿ ಎಂದೆ. ಆಮೇಲೆ ಯಾರೂ ನನ್ನನ್ನು ಏನೂ ಕೇಳಲಿಲ್ಲ. ತೀರ್ಮಾನವಾಗದೆ ದುಡ್ಡು ಹಾಗೇ ಉಳಿಯಿತು.

ಅಷ್ಟರಲ್ಲಿ ಹೊಳೆ ಬಂತು. ಮಳೆ ಬಿದ್ದದ್ದು ಕೇರಳದ ಕಡೆ, ನೀರು ಬಂದದ್ದು ನಮ್ಮ ಕಡೆ. ನಂಜನಗೂಡಿನಲ್ಲಿ ಕಪಿಲೆ ಸ್ನಾನಘಟ್ಟದ ಮೆಟ್ಟಿಲನ್ನೆಲ್ಲ ನುಂಗಿ ರಸ್ತೆಗೆ ಬಂದಳು. ನರಸೀಪುರದಲ್ಲಿ ಕಾವೇರಿಯೂ ಜೊತೆ ಸೇರಿದಳು. ಹೊಳೆಹುಂಡಿಯ ಕೆಳಗಿನ ಬಯಲಿನಲ್ಲಿ ಮುರುಗೇಶ ಮತ್ತು ಸೆಲ್ವಿ ಎಂಬ ಗಂಡ ಹೆಂಡತಿ ಡೇರೆ ಹಾಕಿಕೊಂಡಿದ್ದರು. ತಮಿಳುನಾಡಿನ ಕಡೆಯವರು. ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸುತ್ತಾ, ಮೊಟ್ಟೆ ಮಾರುತ್ತಾ ಊರಿಂದೂರಿಗೆ ಹೋಗುವುದು ಅವರ ಕಸುಬು. ಮಧ್ಯಾಹ್ನ ಊಟದ ಹೊತ್ತಿಗೆ ನೀರು ಡೇರೆಗೆ ನುಗ್ಗಿತು. ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತುವಷ್ಟರಲ್ಲಿ ಡೇರೆ, ಪಾತ್ರೆ, ಬಾತುಕೋಳಿಗಳ ಹಿಂಡು ಎಲ್ಲ ಹೋಯಿತು.

ಬಾತುಕೋಳಿಗೆ ಈಜು ಬರುವುದಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಬರುತ್ತದೆ. ತೊಂದರೆಯಾದದ್ದೇ ಅದರಿಂದ. ಈಜಿಕೊಂಡು ಹೋದವು.

ನಾನು ಹೋದಾಗ ಆ ಕುಟುಂಬ ಚರ್ಚಿನ ಜಗುಲಿಯಲ್ಲಿತ್ತು. ಮುರುಗೇಶ ಜಗುಲಿಯ ತುದಿಯಲ್ಲಿ ಕೂತಿದ್ದ. ಹೊಳೆಯನ್ನೇ ನೋಡುತ್ತಿದ್ದ. ಹೇಗೋ ಉಳಿದಿದ್ದ ನಾಲ್ಕಾರು ಬಾತುಗಳು ಅವನ ಕಾಲ ಸುತ್ತ ಓಡಾಡುತ್ತಿದ್ದವು. ಸೆಲ್ವಿ ತನಗೆ ಬರುವ ಕನ್ನಡದಲ್ಲಿ ಫಾದರ್‌ಗೆ ಹೇಳಿದಳು: "ಬಾತು ಇದ್ರೆ ತಾನೇ ಸಾಮಿ ನಮ್ಗೆ ಊರು. ಬಾತು ಇಲ್ಲಾಂದ್ರೆ ನಾವು ಎಲ್ಲಿಯೋರು?"

ಬಾತುಗಳು ಎಲ್ಲಿ ಹೋದವೆಂಬ ಸುದ್ದಿ ಸಂಜೆಯೊಳಗೆ ಬರತೊಡಗಿತು. ಕೆಳಗಿನ ಹಳ್ಳಿಗಳ ಕಬ್ಬಿನ ಗದ್ದೆ, ತೋಪು, ಹಿತ್ತಲುಗಳಿಗೆ ಹತ್ತಿದ್ದವು. ಸಿಕ್ಕಿದವರು ಹಿಡಿದು ಮಂಕರಿ ಬುಟ್ಟಿ ಕವುಚಿ ಇಟ್ಟುಕೊಂಡಿದ್ದರು. ಕೇಳಲು ಹೋದರೆ, ಹೊಳೆಯಮ್ಮ ತಂದುಕೊಟ್ಟದ್ದು, ಬಿಟ್ಟಿ ಹೇಗೆ ಕೊಡೋಣ ಎಂದರಂತೆ. ಚರ್ಚಿನಲ್ಲಿ ಸಭೆ ಸೇರಿತು. ಆ ದುಡ್ಡಿನಲ್ಲಿ ಬಾತುಗಳನ್ನು ಬಿಡಿಸಿಕೊಂಡು ಬರಬಾರದೇಕೆ ಎಂದು ಫಾದರ್ ಮೆಲ್ಲಗೆ ಕೇಳಿದರು. ಚೌರಪ್ಪ ಎದ್ದು ನಿಂತ. ಅವರು ನಮ್ಮ ಚರ್ಚಿನ ಸಭೆಯವರಲ್ಲ, ನಮ್ಮ ಊರವರಲ್ಲ, ನಮ್ಮ ಭಾಷೆಯವರೂ ಅಲ್ಲ ಎಂದು ಅವನ ವಾದ.

ಆರೋಗ್ಯಮ್ಮ ಕೂತಲ್ಲಿಂದಲೇ ಕೇಳಿದರು: "ಸಿನಿಮಾದೋರು ಯಾವ ಸಭೆಯೋರು ಅಂತ ಕೇಳ್ಕಂಡಾ ಕಾಸಿಸ್ಕಂಡೆ ನೀನು?"

ಚೌರಪ್ಪ ಕೂತ. ಸ್ವಲ್ಪ ಹೊತ್ತಾದ ಮೇಲೆ, ಬಾತು ತರಲು ತನ್ನ ಆಟೊ ಬಾಡಿಗೆಯಿಲ್ಲದೆ ಬರುತ್ತದೆ, ಡೀಸೆಲ್ ಮಾತ್ರ ಹಾಕಿಸಿ ಎಂದ.

ಬಾತುಗಳ ಆರೋಗ್ಯ ನೋಡಿ ಒಳಗೆ ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಯಾವುದು ಇವರದು, ಯಾವುದು ಬೇರೆಯವರದು ಎಂಬುದನ್ನು ಮುರುಗೇಶ ಹೇಳಬೇಕೆಂದಾಯಿತು. ಅವನು ಕಂಡ ಪ್ರತಿ ಬಾತನ್ನೂ ತಬ್ಬಿಕೊಂಡು ನಮ್ಮದೇ ಎನ್ನುತ್ತಿದ್ದ. ಆ ಸ್ಥಿತಿಯಲ್ಲಿದ್ದವನಿಗೆ ಅಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಚರ್ಚಿನವರು ದುಡ್ಡು ಕೊಟ್ಟು ಬಾತು ತೆಗೆದುಕೊಳ್ಳುತ್ತಾರೆಂಬ ಸುದ್ದಿ ಹಬ್ಬಿತು. ಆಮೇಲೆ ನಾವು ಎಲ್ಲಿಗೂ ಹೋಗಬೇಕಾಗಲಿಲ್ಲ, ಜನವೇ ಬಂದರು. ಒಬ್ಬ ನೆನೆದ ಕೋಳಿಯನ್ನು ತಂದು, ನೀರಿನಲ್ಲಿತ್ತು, ಆದ್ದರಿಂದ ಇದೂ ಬಾತು ಎಂದ. ಇನ್ನೊಬ್ಬ ಬಹಳ ಕಷ್ಟಪಟ್ಟು ನೀರುಕಾಗೆಯೊಂದನ್ನು ಹಿಡಿದು ತಂದಿದ್ದ. ಅದು ಚೌರಪ್ಪನ ಹೊಸ ಅಂಗಿಯ ತೋಳನ್ನು ಹರಿದು, ಅವನ ಬೆರಳು ಕಚ್ಚಿ, ಹಾರಿಹೋಯಿತು.

ಕೆಲವು ದಿನವಾದರೂ ಲೆಕ್ಕ ಕೂಡುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಾತು ಕೊಳ್ಳುತ್ತಿದ್ದೆವು, ಕಾಂಪೌಂಡಿನಲ್ಲಿ ಮಾತ್ರ ಬಾತು ಹೆಚ್ಚುತ್ತಿರಲಿಲ್ಲ. ಒಂದು ದಿನ ಒಬ್ಬ ಹೆಂಗಸು ತಂದ ಬಾತನ್ನು ಎಲ್ಲೋ ನೋಡಿದ್ದೇನಲ್ಲ ಎನಿಸಿತು. ಕೊಕ್ಕು ಒಂದು ಕಡೆಗೆ ಸೊಟ್ಟಗಿತ್ತು. ಹಿಂದಿನ ದಿನ ಸೊಟ್ಟ ಕೊಕ್ಕಿನ ಬಾತೊಂದಕ್ಕೆ ದುಡ್ಡು ಕೊಟ್ಟದ್ದು ನೆನಪಾಯಿತು. ಹುಡುಕಿದರೆ, ಚರ್ಚಿನ ಹಿಂಬದಿಯ ಗೋಡೆಯಲ್ಲಿ ಒಂದು ಕಿಂಡಿ. ಮುಂದಿನ ಗೇಟಿನಲ್ಲಿ ನಾವು ಕೊಂಡ ಬಾತುಗಳು ಹಿಂದಿನ ಕಿಂಡಿಯಿಂದ ಸಾಲಾಗಿ ಹೊರಗೆ ಹೋಗುತ್ತಿದ್ದವು. ದಾರಿಯಲ್ಲಿ ಕಂಡವರು ಪಾಪ ಚರ್ಚಿನವರದು ಎಂದು ಹಿಡಿದು ತಂದುಕೊಡುತ್ತಿದ್ದರು. ಅವರದೂ ತಪ್ಪಿಲ್ಲ. ಆ ಸೊಟ್ಟ ಕೊಕ್ಕಿನ ಬಾತಿಗೆ ನಾವು ತೆತ್ತದ್ದರಲ್ಲಿ ಒಂದು ಒಳ್ಳೆಯ ಮೇಕೆ ಬರುತ್ತಿತ್ತು.

ಫಾದರ್ ತಲೆಯ ಮೇಲೆ ಕೈಹೊತ್ತು ಕೂತರು. "ಎಂತ ಮಾರಾಯ್ರೇ, ನಮ್ಮ ಬಾತನ್ನು ನಾವೇ ಕೊಳ್ಳುವುದಾ?" ಎಂದರು.

ಕಿಂಡಿ ಮುಚ್ಚಿಸಿದೆವು. ಕೊಂಡದ್ದಕ್ಕೆ ಗುರುತಿರಲೆಂದು, ಗಾಯಕ್ಕೆ ಹಚ್ಚುವ ನೇರಳೆ ಬಣ್ಣದ ಔಷಧಿಯನ್ನು ಪ್ರತಿ ಬಾತಿನ ತಲೆಗೂ ಹಚ್ಚಿದೆ. ಆ ಬಣ್ಣ ನೋಡಿ ಫಾದರ್‌ಗೆ ಮತ್ತೊಂದು ಚಿಂತೆ. ನೇರಳೆ ಎಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ತಪಸ್ಸು ಕಾಲದ ಬಣ್ಣವಂತೆ. ಈಗ ಚರ್ಚಿನಲ್ಲಿ ಹಸಿರು ನಡೆಯುತ್ತಿದೆ, ಹಸಿರು ಔಷಧಿ ಇಲ್ಲವೇ ಎಂದು ಕೇಳಿದರು. ಇಲಾಖೆಯಲ್ಲಿ ಸರಬರಾಜಿಲ್ಲ ಎಂದೆ. ನನ್ನ ಕೈಯೂ ಮೊಣಕೈವರೆಗೆ ನೇರಳೆಯಾಗಿತ್ತು. ನಾವು ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಮುಟ್ಟದವರು. ಮನೆಯಲ್ಲಿ ಗೌರಮ್ಮ ಮೂಗು ಮುಚ್ಚಿಕೊಂಡು, ಈ ವಾಸನೆ ಹೋಗುವವರೆಗೆ ಪೂಜೆಯ ಕೋಣೆಯ ಕಡೆ ತಲೆ ಹಾಕಬೇಡಿ ಎಂದಳು. ಮರುದಿನ ನಾನು ಹೊರಡುವಾಗ ಮಾತ್ರ ಸೆಲ್ವಿಯ ಮಕ್ಕಳಿಗೆಂದು ಒಂದು ಡಬ್ಬಿ ಚಕ್ಕುಲಿ ಬ್ಯಾಗಿಗೆ ಹಾಕಿದ್ದಳು.

ಇನ್ನೂ ಅರ್ಧ ಹಿಂಡು ಸಿಕ್ಕಿರಲಿಲ್ಲ. ಡಾಕ್ಟರ್ ಶ್ರೀಧರಮೂರ್ತಿಯವರು ಫೋನಿನಲ್ಲೇ ಒಂದು ಉಪಾಯ ಕೊಟ್ಟರು. ಬಾತುಗಳಿಗೆ ಯಜಮಾನಿಯ ದನಿ ಗೊತ್ತಿರುತ್ತದೆ, ಚರ್ಚಿನ ಮೈಕಿನಲ್ಲಿ ಆಕೆಯಿಂದ ಕೂಗಿಸಿ ಎಂದರು. ಸೆಲ್ವಿಯನ್ನು ಮೈಕಿನ ಮುಂದೆ ನಿಲ್ಲಿಸಿದೆವು. ಅವಳು ನಾಚಿಕೊಂಡೇ ಶುರು ಮಾಡಿದಳು: "ಬಾ, ಬಾ, ಬಾ, ಬಾ..." ಹಳೆಯ ಮೈಕು ಅದನ್ನು ಹೊಳೆಯ ಆಚೆ ದಡದವರೆಗೂ ಒಯ್ದಿತು. ಬಾತು ಬರಲಿಲ್ಲ, ಜನ ಬಂದರು. ಚರ್ಚಿನಿಂದ ಬಾ ಬಾ ಎಂದು ಕರೆಯುತ್ತಿದ್ದಾರೆ, ನೆರೆ ಸಂತ್ರಸ್ತರಿಗೆ ಊಟ ಹಾಕುತ್ತಿರಬೇಕು ಎಂದು ಪಾತ್ರೆ ಹಿಡಿದು ಅಕ್ಕಪಕ್ಕದ ಹಳ್ಳಿಯವರು ಗೇಟಿಗೆ ಬಂದು ನಿಂತರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಹೆಂಗಸರು ಒಲೆ ಹಚ್ಚಿ ಉಪ್ಪಿಟ್ಟು ಕೆದಕಿದರು. ಹಕ್ಕಿಗಳ ಪೈಕಿ ಬಂದದ್ದು ಒಂದೇ ಒಂದು ದೊಡ್ಡ ಬಿಳಿ ಹೆಬ್ಬಾತು. ಅದು ಯಾರದೋ ಫಾರ್ಮ್‌ಹೌಸಿನದು. ಬಂದದ್ದೇ ಚರ್ಚಿನ ಬಾಗಿಲಲ್ಲಿ ನಿಂತು ಫಾದರ್ ಸೇರಿದಂತೆ ಯಾರನ್ನೂ ಒಳಗೆ ಬಿಡಲಿಲ್ಲ.

ಆದರೆ ಉಪ್ಪಿಟ್ಟು ತಿಂದವರಿಗೆ ವಿಷಯ ತಿಳಿಯಿತು. ಜಗುಲಿಯಲ್ಲಿ ಕೂತಿದ್ದ ಸೆಲ್ವಿಯನ್ನೂ ಮಕ್ಕಳನ್ನೂ ಕಣ್ಣಾರೆ ನೋಡಿ ಹೋದರು. ಮರುದಿನದಿಂದ ಬಾತು ತಂದವರಲ್ಲಿ ಅನೇಕರು ದುಡ್ಡು ಕೇಳಲಿಲ್ಲ. ಒಬ್ಬಾತ, ಹಿಂದಿನ ವಾರ ಇಸಿದುಕೊಂಡಿದ್ದನ್ನೂ ವಾಪಸು ಕೊಟ್ಟು, ಕಾಫಿಗಿಷ್ಟು ಹಿಡಿದುಕೊಂಡಿದ್ದೇನೆ ಎಂದ. ಉಳಿದ ದುಡ್ಡಿನಲ್ಲಿ ಮೇವಿಗೆ ನುಚ್ಚು, ಹೊಸ ಟಾರ್ಪಾಲು, ನಾಲ್ಕು ಪಾತ್ರೆ ಬಂದವು. ಹಿಂಡು ಮತ್ತೆ ಹಿಂಡಿನಂತೆ ಕಾಣತೊಡಗಿತು. ಮುರುಗೇಶ ಹೊಳೆ ನೋಡುವುದನ್ನು ಬಿಟ್ಟು ಬಾತು ನೋಡತೊಡಗಿದ.

ಇನ್ನೇನು ಹೊರಡುತ್ತಾರೆ ಎನ್ನುವಾಗ ಒಂದು ಬೆಳಿಗ್ಗೆ ಫಾದರ್ ಫೋನು ಮಾಡಿದರು. ಬಾತುಗಳೆಲ್ಲ ಬಿದ್ದುಕೊಂಡಿವೆ, ಬೇಗ ಬನ್ನಿ ಎಂದರು. ಹೋಗಿ ನೋಡಿದೆ. ಕಾಂಪೌಂಡಿನ ತುಂಬ ನೇರಳೆ ತಲೆಗಳು ನೆಲಕ್ಕೆ ಒರಗಿದ್ದವು. ಕೆಲವು ಏಳಲು ಹೋಗಿ ಪಕ್ಕಕ್ಕೆ ಉರುಳುತ್ತಿದ್ದವು. ಕತ್ತು ಸೊಟ್ಟ, ಕಣ್ಣು ಅರೆಮುಚ್ಚು. ನಮ್ಮ ಕೆಲಸದಲ್ಲಿರುವವರಿಗೆ ಇಂಥದ್ದನ್ನು ಕಂಡರೆ ಮೊದಲು ನೆನಪಾಗುವುದು ಹಕ್ಕಿಜ್ವರ. ಅದೇ ಆಗಿದ್ದರೆ ಈ ಬಾತುಗಳನ್ನಷ್ಟೇ ಅಲ್ಲ, ಊರಿನ ಸುತ್ತಲ ಕೋಳಿಗಳನ್ನೆಲ್ಲ ಕೊಂದು ಹೂಳಬೇಕು. ಡಾಕ್ಟರಿಗೆ ಫೋನಿನಲ್ಲಿ ಹೇಳಿದೆ. ಅವರು ಲಕ್ಷಣಗಳನ್ನೆಲ್ಲ ಎರಡೆರಡು ಸಲ ಕೇಳಿಕೊಂಡರು. ಆಮೇಲೆ, ಯಾವ ಹಕ್ಕಿಯೂ ಆ ಗೇಟು ದಾಟಬಾರದು, ಹೊರಟೆ ಎಂದರು.

ಮಾತು ಬೀದಿಗೆ ಹೋಗಲು ಎಷ್ಟು ಹೊತ್ತು? ಎರಡೂ ಬೀದಿಯವರು ಗೇಟಿನಲ್ಲಿ ಸೇರಿದರು. ಮನೆಮನೆಯಲ್ಲೂ ಕೋಳಿಗಳಿದ್ದವು. ಡಾಕ್ಟರು ಬರುವ ಮೊದಲೇ ಇವುಗಳನ್ನೂ ಇವರನ್ನೂ ಸಾಗಿಸಿಬಿಡೋಣ, ನಂಜನಗೂಡಿನ ಆಚೆ ಎಲ್ಲಾದರೂ ಇಳಿಸಿ ಬಂದರಾಯಿತು ಎಂದು ಯಾರೋ ಅಂದರು. ಒಬ್ಬರೂ ಬೇಡವೆನ್ನಲಿಲ್ಲ. ಚೌರಪ್ಪ ಆಟೊ ತಂದು ನಿಲ್ಲಿಸಿಯೂ ಆಗಿತ್ತು. ಸೆಲ್ವಿ ಒಂದು ಬಾತನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹೊರಡಬೇಕೆಂದು ಯಾರೂ ಹೇಳುವ ಮೊದಲೇ ಮುರುಗೇಶ ಹೊಸ ಟಾರ್ಪಾಲನ್ನು ಮಡಚತೊಡಗಿದ. ಆ ಬೆಳಿಗ್ಗೆ ನನಗೆ ಸಹಿಸಲಾಗದೆ ಹೋದದ್ದು ಅದೊಂದೇ. ಅವನಿಗೆ ಅದು ಎಷ್ಟೋ ಸಲ ಮಾಡಿ ಅಭ್ಯಾಸವಾದ ಕೆಲಸದಂತಿತ್ತು.

ಆರೋಗ್ಯಮ್ಮ ಬಂದು ಆಟೊದ ಮುಂದೆ ನಿಂತರು. "ನನ್ ಕೋಳಿ ಓದ್ರೆ ಓಯ್ತವೆ ಕಣ್ಲಾ. ಇವ್ರನ್ನ ಇನ್ನೊಂದೂರಿಗೆ ದಬ್ಬಿದ್ರೆ ಆ ಊರ್ ಕೋಳಿನೂ ಓಯ್ತವೆ, ಇವ್ರೂ ಓಯ್ತಾರೆ. ಆಪ್ ಮಾಡು ಅದ್ನ" ಎಂದರು. ಆಕೆಯ ಜೀವನವೇ ಆ ಕೋಳಿಗಳೆಂದು ಎಲ್ಲರಿಗೂ ಗೊತ್ತಿತ್ತು. ಚೌರಪ್ಪ ಆಟೊ ಆಫ್ ಮಾಡಿ ಕೀಲಿಯನ್ನು ಆಕೆಯ ಕೈಗೇ ಕೊಟ್ಟುಬಿಟ್ಟ. ಫಾದರ್ ಹೋಗಿ ಮುರುಗೇಶನ ಜೊತೆ ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ಮತ್ತೆ ಬಿಚ್ಚಿದರು.

ಡಾಕ್ಟರ್ ಶ್ರೀಧರಮೂರ್ತಿಯವರು ಜೀಪಿನಿಂದ ಇಳಿದಾಗ ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು, ಕನ್ನಡಕ, ಮುಖವಾಡ. ಚಂದ್ರನ ಮೇಲೆ ಇಳಿದವರ ಹಾಗಿದ್ದರು. ಮಕ್ಕಳು ಚೀರಿ ಓಡಿದವು. ರೋಸಿ ಹಗ್ಗ ಕಿತ್ತುಕೊಂಡು ಹೊರಟಳು. ಹೆಬ್ಬಾತು ಒಂದೇ ಧೈರ್ಯವಾಗಿ ಹೋಗಿ ಅವರ ಬಿಳಿ ಪ್ಯಾಂಟು ಹಿಡಿದು ಎಳೆಯಿತು. ಅವರು ಅದನ್ನು ಲೆಕ್ಕಿಸದೆ, ಕಿಟಕಿ ಗಿಟಕಿ ಎಂದು ನೋಡದೆ, ನೇರ ನೆಲಕ್ಕೆ ಮಂಡಿಯೂರಿ ಕೂತರು. ಅವರು ಯಾವುದೇ ಪ್ರಾಣಿಯ ಅಷ್ಟು ಹತ್ತಿರ ಕೂತದ್ದನ್ನು ಸೋಸಲೆಯ ಎಮ್ಮೆಯ ನಂತರ ನಾನು ನೋಡಿದ್ದು ಅಂದೇ. ಗಂಟಲಿನ ದ್ರವ ತೆಗೆಯಲೆಂದು ಒಂದು ಬಾತಿನ ಕೊಕ್ಕು ಬಿಡಿಸಿದರು. ಬಾತು ಒಂದು ಕಣ್ಣು ತೆರೆದು ಅವರನ್ನು ನೋಡಿ, ದೀರ್ಘವಾಗಿ ತೇಗಿತು.

ಡಾಕ್ಟರು ಹಾಗೇ ಕೂತರು. ಮೆಲ್ಲಗೆ ಮುಖವಾಡ ಕೆಳಗಿಳಿಸಿ, ಬಾತಿನ ಬಾಯಿಯ ಹತ್ತಿರ ಮೂಗು ಒಯ್ದರು. ನನಗೆ ಭಯವಾಗಿ ಬೇಡ ಸಾರ್ ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ಮಲ್ಲಪ್ಪ, ಇದು ಕುಡಿದಿದೆ" ಎಂದರು.

ಹಿಂಬದಿಯ ಕಿಂಡಿಗೆ ನಾವು ಒಟ್ಟಿದ್ದ ಕಲ್ಲುಗಳನ್ನು ಬಾತುಗಳು ಸರಿಸಿಕೊಂಡಿದ್ದವು. ಅದರಾಚೆ ಒಂದು ಆಲೆಮನೆ. ಕಬ್ಬಿನ ಹಾಲು ಕುದಿಯುವಾಗ ತೆಗೆದ ಕೊಳೆಯನ್ನು ಒಂದು ಗುಂಡಿಗೆ ಸುರಿಯುತ್ತಿದ್ದರು. ನೆರೆಯಿಂದ ಕೆಲಸ ನಿಂತು, ಗುಂಡಿಯಲ್ಲಿದ್ದದ್ದು ಹುಳಿತು ನೊರೆಯುಕ್ಕಿ, ಹೆಂಡದಂತಾಗಿತ್ತು. ಹಿಂಡು ಪೂರಾ ಬೆಳಗ್ಗೆ ಬೆಳಗ್ಗೆಯೇ ಅಲ್ಲಿಗೆ ಹೋಗಿ, ಹೊಟ್ಟೆ ತುಂಬ ಕುಡಿದು, ಹೇಗೋ ತೂರಾಡಿಕೊಂಡು ಮನೆಗೆ ಬಂದು ಮಲಗಿತ್ತು. ಡಾಕ್ಟರು ಚರ್ಚಿನ ಮೆಟ್ಟಿಲ ಮೇಲೆ ಕೂತು, ಆ ಬಿಳಿ ಉಡುಪಿನಲ್ಲೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಿಯಮದಂತೆ ಮಾದರಿ ತೆಗೆದು ಕಳಿಸಿದರು. ಯಾವ ರೋಗವೂ ಇಲ್ಲವೆಂದು ಬಂತು. ಬಾತುಗಳು ಸಂಜೆಯ ಹೊತ್ತಿಗೆ ಎದ್ದು ತುಂಬಾ ನೀರು ಕುಡಿದವು. ಮರುದಿನವೆಲ್ಲ ಸದ್ದಿಲ್ಲದೆ ನೆರಳಿನಲ್ಲಿ ಕೂತಿದ್ದವು.

ಆ ಭಾನುವಾರದ ಪೂಜೆಯಾದ ಮೇಲೆ ಮುರುಗೇಶ ಮತ್ತು ಸೆಲ್ವಿ ಹೊರಟರು. ಹಿಂಡು ಮೊದಲಿನಷ್ಟು ದೊಡ್ಡದಿರಲಿಲ್ಲ. ಹೊಳೆ ತನ್ನ ಪಾಲನ್ನು ಇಟ್ಟುಕೊಂಡಿತ್ತು. ಆದರೂ ಕಸುಬು ನಡೆಯುವಷ್ಟಿತ್ತು, ಮೊಟ್ಟೆಯೂ ಇಡತೊಡಗಿದ್ದವು. ಚರ್ಚಿನ ದುಡ್ಡು ಮುಗಿದಿತ್ತು. ಮೈಕು ಹಳೆಯದೇ, ಹೆಂಚು ಸೋರುತ್ತಲೇ ಇತ್ತು. ಊರ ಗಡಿಯವರೆಗೆ ಎರಡೂ ಬೀದಿಯವರು ಹೋದೆವು. ಮುರುಗೇಶ ಆರೋಗ್ಯಮ್ಮನ ಕೈಗೆ ಒಂದು ಬುಟ್ಟಿ ಮೊಟ್ಟೆ ಕೊಟ್ಟು, ಬಾತುಗಳ ಹಿಂದೆ ನಡೆದುಬಿಟ್ಟ. ನೇರಳೆ ತಲೆಗಳು ಏರಿಯ ಮೇಲೆ ಸಾಲಾಗಿ ಹೋಗುವುದು ಬಹಳ ಹೊತ್ತು ಕಾಣುತ್ತಿತ್ತು. ಆ ಬಣ್ಣ ಹೋಗಲು ತಿಂಗಳುಗಳೇ ಬೇಕು. ಅದನ್ನು ಕಂಡು ಮುಂದಿನ ಊರುಗಳವರು ಇದು ಯಾವುದೋ ಹೊಸ ತಳಿ ಎಂದು ಮೊಟ್ಟೆಗೆ ಮುಗಿಬಿದ್ದರೆಂದು ಆಮೇಲೆ ಸೆಲ್ವಿಯೇ ಹೇಳಿದಳು.

ಆಮೇಲೆ ಎಂದರೆ ಫೋನಿನಲ್ಲಿ. ನನ್ನ ನಂಬರು ಅವಳ ಹತ್ತಿರವಿತ್ತು. ನಾನು ನಿವೃತ್ತನಾದದ್ದನ್ನು ಅವಳಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗಿಲ್ಲ. ಬಾತು ಕುಂಟಿದರೆ, ಮೊಟ್ಟೆ ಕಮ್ಮಿಯಾದರೆ, ಎಲ್ಲಿಂದಲೋ ಫೋನು ಬರುತ್ತದೆ. ಹಿಂದೆ ಬಾತುಗಳ ಗದ್ದಲ. ಗೌರಮ್ಮ ಅದನ್ನು ಕೇಳಿಯೇ, "ನಿಮ್ಮೋರು" ಎಂದು ಫೋನು ತಂದುಕೊಡುತ್ತಾಳೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದಿಷ್ಟೇ. ಜನಕ್ಕೆ ನಂಬರು ಕೊಡಿ. ಅವರು ಹೊತ್ತಲ್ಲದ ಹೊತ್ತಿಗೆ ಫೋನು ಮಾಡುತ್ತಾರೆ, ಸಗಣಿಯ ಫೋಟೊ ಕಳಿಸುತ್ತಾರೆ, ತಲೆ ತಿನ್ನುತ್ತಾರೆ. ಆದರೂ ಕೊಡಿ.

ಹೋದ ಮಳೆಗಾಲದಲ್ಲಿ ಕಪಿಲೆ ಮತ್ತೆ ಉಕ್ಕಿದ್ದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಅಂದು ಸೆಲ್ವಿಯ ಫೋನು ಬಂತು. ಬಾತುಗಳ ಸುದ್ದಿ ಎತ್ತಲೇ ಇಲ್ಲ. "ಸಾರ್, ಅಲ್ಲಿ ತುಂಬಾ ನೀರಂತೆ. ಎಲ್ಲಾರ್ನೂ ಕರ್ಕೊಂಡು ಇಲ್ಲಿ ಬಂದ್ಬಿಡಿ. ಸಾಮಿ, ಆರೋಗ್ಯಮ್ಮ ಪಾಟಿ, ನಿಮ್ಮ ಮನೆಯಮ್ಮ, ಆ ಹಸು, ಎಲ್ಲಾರೂ. ಇದು ಮೇಡು ಜಾಗ, ನೀರು ಬರಲ್ಲ. ಡೇರೆ ಇದೆ" ಎಂದಳು. ಹೊಳೆಹುಂಡಿಗೆ ನೀರು ಬಂದಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಎಂದೆ. ಅವಳು ನಂಬಲಿಲ್ಲ. ಸಂಕೋಚ ಮಾಡಬೇಡಿ ಎಂದು ದಾರಿ ಹೇಳತೊಡಗಿದಳು, ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಕಾಲುವೆಯ ಪಕ್ಕ ನಡೆಯಬೇಕು.

ನಾಲ್ಕು ಜನ ಕಾಲು ಚಾಚಿದರೆ ತುಂಬುವ ಆ ಡೇರೆಯನ್ನು ನಾನು ಬಲ್ಲೆ. ಮರುದಿನ ಹೊಳೆಹುಂಡಿಗೆ ಹೋಗಿ ಈ ವಿಷಯವನ್ನು ಆರೋಗ್ಯಮ್ಮನಿಗೆ ಹೇಳಿದೆ. ಆಕೆ ಕೋಳಿಗಳಿಗೆ ನುಚ್ಚು ಎರಚುತ್ತಿದ್ದರು. ಕೈ ನಿಲ್ಲಿಸಿ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆಗಳನ್ನೆಲ್ಲ ಒಂದು ಸಲ ನೋಡಿದರು. ಬೆರಳು ಮಡಚಿ ಎಣಿಸಿದರು.

"ಒತ್ಕಂಡ್ ಕುಂತ್ರೆ ಇಡೀತೀವಿ ಬುಡಿ ಡಾಕ್ಟ್ರೇ" ಎಂದರು.